ಎಲ್ಫಿನೆಶ್ ಕೊಟ್ಟ ಡೇರೆ

ಹನ್ನೊಂದನೆಯ ಸಾವಿನ ಮೂರನೆಯ ಹೊರೆ ಅದು. ದಿಂಕೆ ಗುಡ್ಡ ಇಳಿಯುತ್ತಿದ್ದಳು. ಬೆನ್ನ ಮೇಲೆ ಅವಳಿಗಿಂತ ಉದ್ದದ ನೀಲಗಿರಿ ಸೌದೆ. ಹಗ್ಗ ಎರಡೂ ಹೆಗಲನ್ನು ಕಚ್ಚಿ ಹಿಡಿದಿತ್ತು. ಸೊಂಟ ಬಗ್ಗಿ ಮುಖ ನೆಲಕ್ಕಾಗಿತ್ತು. ಹದಿನೆಂಟು ವರ್ಷದಿಂದ ಈ ಗುಡ್ಡ ಇಳಿಯುವಾಗ ಅವಳು ಕಂಡಿದ್ದು ತನ್ನ ಕಾಲಿನ ಹೆಬ್ಬೆರಳು ಮಾತ್ರ. ಕೆಳಗೆ ಆಡಿಸ್ ಅಬಾಬಾ ಊರು ಹರಡಿಕೊಂಡು ಕಾಣುತ್ತದಂತೆ, ನೋಡಲು ಬಲು ಚೆಂದವಂತೆ. ನೋಡಿದವರು ಹೇಳುತ್ತಾರೆ. ಅವರ ಬೆನ್ನ ಮೇಲೆ ಹೊರೆ ಇರುವುದಿಲ್ಲ.

ಹಿಂದಿನಿಂದ ಶೆಗಿತು ಏದುಸಿರು ಬಿಡುತ್ತ ಕೂಗಿದಳು. ಅವಳೂ ಸೌದೆಯವಳೇ. ಇಬ್ಬರೂ ಒಂದೇ ವರ್ಷ ಹಗ್ಗ ಹಿಡಿದವರು.

"ಏ ದಿಂಕೆ, ಇದೂ ಪುಕ್ಕಟೆ ಹೊರೆನೇನೇ?"

"ಹೂಂ ಕಣೆ."

"ನಾವೇನು ಆ ಇಂಡಿಯಾದೋರ ಥರ ಹೆಣ ಸುಡ್ತೀವಾ? ಸತ್ತೋರಿಗೆ ಯಾಕೆ ಇಷ್ಟು ಸೌದೆ ಹೊರ್ತೀಯೇ ಮಾರಾಯ್ತಿ?"

"ಹೆಣಕ್ಕಲ್ಲ. ಹೆಣ ನೋಡೋಕೆ ಬಂದೋರ ಹೊಟ್ಟೆಗೆ. ಮೂರು ದಿನ ಬೇಯಿಸ್ಬೇಕಲ್ಲ."

"ಹೌದು ನೋಡು. ಅಳೋದು ಅರ್ಧ ಗಂಟೆ, ತಿನ್ನೋದು ಮೂರು ದಿನ."

ದಿಂಕೆಗೆ ನಗು ಬಂತು. ಆದರೆ ಹೊರೆ ಹೊತ್ತವರು ನಗಬಾರದು, ಉಸಿರು ತಪ್ಪಿಹೋಗುತ್ತದೆ.

ಸತ್ತವರ ಮನೆಗೆ ಒದಗುವ ಸಾವಿನ ಸಂಘವನ್ನು ಅಲ್ಲಿ ಇದ್ದಿರ್ ಎನ್ನುತ್ತಾರೆ. ಗುಡ್ಡದ ಬುಡದ ಆ ಕೇರಿಯ ಇನ್ನೂರು ಮನೆಗಳ ಹೆಸರೂ ಸಂಘದ ಪುಸ್ತಕದಲ್ಲಿವೆ. ಮನೆಯಲ್ಲಿ ಉಪ್ಪಿಲ್ಲದಿದ್ದರೂ ತಿಂಗಳ ವಂತಿಗೆ ತಪ್ಪಿಸುವಂತಿಲ್ಲ. ಯಾರಾದರೂ ಸತ್ತರೆ ಬೆಳಗಾಗುತ್ತಲೇ ಬಾಲ್ಚಾ ಅಜ್ಜ ತಗಡಿನ ತುತ್ತೂರಿ ಊದುತ್ತ ಓಣಿ ಓಣಿ ತಿರುಗುತ್ತಾನೆ. ಸತ್ತರು ಎಂಬ ಮಾತನ್ನು ಅವನು ಬಾಯಿಂದ ಆಡುವುದಿಲ್ಲ. "ಇಂಥವರ ಮನೆಗೆ ಬನ್ನಿ" ಎನ್ನುತ್ತಾನೆ. ಅಷ್ಟು ಕೇಳಿದರೆ ಸಾಕು, ಇನ್ನೂರು ಮನೆ ಎದ್ದು ಬರುತ್ತದೆ. ಡೇರೆ ಬರುತ್ತದೆ, ಬೆಂಚು ಬರುತ್ತದೆ, ದೊಡ್ಡ ದೊಡ್ಡ ಪಾತ್ರೆ ಬರುತ್ತದೆ. ಸತ್ತವನು ಎಂಥ ಕುಡುಕನಾಗಿದ್ದರೂ ರಾಜನ ಹಾಗೆ ಮಣ್ಣಿಗೆ ಹೋಗುತ್ತಾನೆ. ಬದುಕಿದ್ದಾಗ ಅವನು ಉಂಡನೋ ಇಲ್ಲವೋ, ಸಂಘ ಕೇಳುವುದಿಲ್ಲ.

ಆ ಡೇರೆ ದಿಂಕೆಯ ತಂಗಿ ಎಲ್ಫಿನೆಶ್ ಕೊಟ್ಟಿದ್ದು.

ಹತ್ತೊಂಬತ್ತಕ್ಕೆ ಮನೆಗೆಲಸಕ್ಕೆಂದು ಬೈರುತ್‌ಗೆ ಹೋದ ಹುಡುಗಿ ಎಲ್ಫಿ. ಎರಡನೆಯ ವರ್ಷ ಸಂಘದ ಯಜಮಾನ ಜೆಗೆಯೆ ಅವಳಿಗೆ ಫೋನು ಮಾಡಿದ. "ಮಗಳೇ, ನಮ್ಮ ಸಂಘಕ್ಕೆ ಒಂದು ಒಳ್ಳೆ ಡೇರೆ ಇಲ್ಲ. ಮಳೇಲಿ ಹೆಣ ನೆನೀತದೆ. ಕೇರಿ ಮರ್ಯಾದೆ ಈಗ ನಿನ್ನ ಕೈಲಿದೆ," ಎಂದ. ಹುಡುಗಿ ಎಂಟು ತಿಂಗಳ ಸಂಬಳ ಕಳಿಸಿದಳು. ಬಿಳಿ ಕ್ಯಾನ್ವಾಸಿನ ದೊಡ್ಡ ಡೇರೆ ಬಂತು. ಅದರ ಮುಂಭಾಗದಲ್ಲಿ ನೀಲಿ ಬಣ್ಣದಲ್ಲಿ ಬರೆಸಿದರು: ಎಲ್ಫಿನೆಶ್ ಕೊಟ್ಟಿದ್ದು. ಜೆಗೆಯೆ ಆ ಅಕ್ಷರಗಳ ಕೆಳಗೆ ನಿಂತು ಭಾಷಣ ಮಾಡಿದ. ಮಗಳು ಎಂದ, ಕೇರಿಯ ದೀಪ ಎಂದ. ದಿಂಕೆ ಹೆಂಗಸರ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಂಡಿದ್ದಳು.

ಐದನೆಯ ವರ್ಷ ಎಲ್ಫಿಯನ್ನು ವಿಮಾನದಲ್ಲಿ ವಾಪಸು ಕಳಿಸಿದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಕಾಲಲ್ಲಿ ಬೇರೆ ಬೇರೆ ಚಪ್ಪಲಿ. ಅಲ್ಲಿನ ಮನೆಯೊಡತಿ ಏನು ಮಾಡಿದಳು, ಎಷ್ಟು ದಿನ ಕೂಡಿಹಾಕಿದಳು, ಎಲ್ಫಿ ಇವತ್ತಿಗೂ ಹೇಳಿಲ್ಲ. ಮನೆಯಲ್ಲಿ ಯಾರೂ ಕರೆಯದಿದ್ದರೂ "ಬಂದೆ ಮೇಡಂ" ಎಂದು ಎದ್ದು ಓಡುತ್ತಿದ್ದಳು. ಮಣ್ಣಿನ ನೆಲವನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದಳು. ಮಣ್ಣಿನ ನೆಲ ಉಜ್ಜಿದರೆ ಕೆಸರಾಗುತ್ತದೆ. ಆ ಕೆಸರನ್ನು ಮತ್ತೆ ಉಜ್ಜುವಳು. ಮಂಡಿ ಕಿತ್ತು ರಕ್ತ ಬರುವತನಕ ಉಜ್ಜುವಳು.

ಕೇರಿಯವರೇ ಮುಂದೆ ನಿಂತು ಅವಳನ್ನು ಹುಚ್ಚು ಬಿಡಿಸುವ ತೀರ್ಥದ ಜಾಗಕ್ಕೆ ಒಯ್ದರು. ಏಳು ವಾರ ಮರಕ್ಕೆ ಸರಪಳಿ ಹಾಕಿ ಕಟ್ಟಿದರು. ಬೆಳಗ್ಗೆ ತಣ್ಣೀರು ಸುರಿದರು, ಹೊಟ್ಟೆಗೆ ಬೇಯಿಸಿದ ಕಾಳು ಕೊಟ್ಟರು. ದಿಂಕೆ ಬಿಡಿಸಿಕೊಂಡು ಬಂದಾಗ ಎಲ್ಫಿಯ ಕಣಕಾಲಿನ ಚರ್ಮ ಇರಲಿಲ್ಲ. ಅವತ್ತು ಆ ಕಾಲಿಗೆ ಬೆಣ್ಣೆ ಹಚ್ಚುತ್ತ ದಿಂಕೆ ಮಾತು ಕೊಟ್ಟಳು. "ಇನ್ನು ನಿನ್ನ ಕಾಲಿಗೆ ಸರಪಳಿ ಬೀಳಲ್ಲ ಕಣೇ. ನಾನು ಬದುಕಿರೋತನಕ ಬೀಳಲ್ಲ."

ಆಸ್ಪತ್ರೆಯ ಮಾತ್ರೆ ಅವಳನ್ನು ಮನುಷ್ಯಳನ್ನಾಗಿ ಮಾಡಿತು. ಸುಳ್ಳಲ್ಲ. ಎರಡು ತಿಂಗಳಿಗೆ ನಿದ್ದೆ ಬಂತು. ನಾಲ್ಕು ತಿಂಗಳಿಗೆ ಜಡೆ ಹಾಕಿಸಿಕೊಂಡಳು. ಆರು ತಿಂಗಳಿಗೆ ಕದಿರು ಹಿಡಿದು ನೇಕಾರರಿಗೆ ಹತ್ತಿಯ ನೂಲು ತೆಗೆಯತೊಡಗಿದಳು. ಒಂದು ದಿನ ಕಾಫಿ ಹುರಿಯುತ್ತ, "ಅಕ್ಕಾ, ನಿನ್ನ ಬೆನ್ನು ನೋಡು, ಒಂಟೆ ಕೂಡ ನಾಚ್ಕೊಳುತ್ತೆ," ಎಂದಳು. ದಿಂಕೆ ಅದೆಷ್ಟು ಹೊತ್ತು ನಕ್ಕಳೋ! ತಂಗಿಯ ಬಾಯಲ್ಲಿ ತಮಾಷೆ ಕೇಳಿ ಐದಾರು ವರ್ಷವಾಗಿತ್ತು.

ಬಡವರ ಚೀಟಿ ಇದ್ದುದರಿಂದ ಆ ಮಾತ್ರೆ ಪುಕ್ಕಟೆ ಸಿಗುತ್ತಿತ್ತು. ಎರಡು ವರ್ಷ ಸಿಕ್ಕಿತು. ಆಮೇಲೆ ಒಂದು ದಿನ ಕಿಟಕಿಯೊಳಗಿನ ಹುಡುಗ ಚೀಟಿಯ ಮುಖ ಕೂಡ ನೋಡಲಿಲ್ಲ.

"ಇಲ್ಲ. ಹೊರಗಡೆ ತಗೋ."

"ಚೀಟಿ ಇದೆಯಪ್ಪ. ಸೀಲಿದೆ ನೋಡು."

"ಸೀಲು ನುಂಗ್ಸು. ಮಾತ್ರೆ ಇಲ್ಲಮ್ಮ. ಹೊರಗಡೆ ತಗೋ. ಮುಂದಿನೋರು ಬನ್ನಿ."

ಹೊರಗಡೆ ಎಂದರೆ ಆಸ್ಪತ್ರೆಯ ಎದುರಿನ ಅಂಗಡಿ. ಅಲ್ಲಿ ಅದೇ ಮಾತ್ರೆ ಗಾಜಿನ ಕಪಾಟಿನಲ್ಲಿ ಸಾಲಾಗಿ ಕೂತಿತ್ತು. ತಿಂಗಳಿಗೆ ಮೂರು ಪಟ್ಟಿ ಬೇಕು. ಒಂದು ಪಟ್ಟಿಗೆ ಮೂರು ಹೊರೆ ಸೌದೆಯ ದುಡ್ಡು. ವಾರಕ್ಕೆ ಮೂರು ಹೊರೆ ಹೊತ್ತರೆ ಬೆನ್ನು ಬದುಕುತ್ತದೆ, ನಾಲ್ಕು ಹೊತ್ತರೆ ಸಾಯುತ್ತದೆ. ಬಾಡಿಗೆ, ಹಿಟ್ಟು, ಅರಣ್ಯದ ಕಾವಲುಗಾರನ ಕೈಬಿಸಿ ಎಲ್ಲ ಅದರಲ್ಲೇ ಆಗಬೇಕು.

ನೆರವು ಕೊಡುವ ಸಂಸ್ಥೆಗಳಲ್ಲಿ ದಿಂಕೆ ತಟ್ಟದ ಬಾಗಿಲಿಲ್ಲ. ಒಂದು ಕಡೆ, "ಮಕ್ಕಳಿದ್ದರೆ ಮಾತ್ರ ನಮ್ಮ ಸಹಾಯ," ಎಂದರು. ಇನ್ನೊಂದು ಕಡೆ ಕನ್ನಡಕದ ಹುಡುಗಿಯೊಬ್ಬಳು ಪಾಪ ಮರುಕದಿಂದಲೇ, "ಏಡ್ಸ್ ಇದ್ದಿದ್ರೆ ಕೊಡಬಹುದಿತ್ತು ಅಮ್ಮಾ," ಎಂದಳು. ಮನೆಗೆ ಬರುವ ದಾರಿಯುದ್ದಕ್ಕೂ ದಿಂಕೆ ಆ ಮಾತನ್ನೇ ಯೋಚಿಸಿದಳು. ತಂಗಿಗೆ ತಪ್ಪು ರೋಗ ಬಂದಿದೆ.

ಆಗ ಜೆಗೆಯೆ ಸಿಕ್ಕ. ಬಟ್ಟೆ ಅಂಗಡಿಯ ಯಜಮಾನ, ಅರವತ್ತು ವರ್ಷ, ಕಪ್ಪು ಕೋಟು, ಬೆಳ್ಳಿ ಹಿಡಿಯ ಕೋಲು. ದಾರಿಯಲ್ಲಿ ದಿಂಕೆ, ಶೆಗಿತು ಇಬ್ಬರೂ ಹೊರೆ ಒರಗಿಸಿ ನಿಂತಿದ್ದರು. ಅವನೇ ನಿಂತು ಮಾತಾಡಿಸಿದ.

"ಏನು ಮಗಳೇ, ಮುಖ ಬಾಡಿದೆ?"

ಹೇಳಿದಳು. ಗಾಶೆ ಜೆಗೆಯೆ ಕೋಲು ಊರಿ ಪೂರ್ತಿ ಕೇಳಿದ. ಅಲ್ಲಿ ದೊಡ್ಡವರನ್ನು ಗಾಶೆ ಎಂದೇ ಕರೆಯುತ್ತಾರೆ.

"ಅಯ್ಯೋ, ಮೊದಲೇ ಹೇಳ್ಬಾರ್ದಿತ್ತಾ? ನಮಗೆ ಡೇರೆ ಕೊಟ್ಟ ಹುಡುಗಿ ಅವಳು. ನೋಡು, ನೀನು ಒಂದು ಕೆಲಸ ಮಾಡು. ಸಾವಾದಾಗ ಸಂಘಕ್ಕೆ ಬೇಕಾದ ಸೌದೆ ನೀನು ತಂದು ಹಾಕು, ದುಡ್ಡು ಕೇಳ್ಬೇಡ. ಹೊಸ ವರ್ಷದ ಸಭೆಲಿ ಎಲ್ಫಿ ಮಾತ್ರೆ ಖರ್ಚು ಸಂಘದ್ದು ಅಂತ ನಾನೇ ಪುಸ್ತಕದಲ್ಲಿ ಬರೆಸ್ತೀನಿ. ಒಂದ್ಸಲ ಬರೆದ್ರೆ ಆಯ್ತು, ಅವಳ ಜೀವ ಇರೋತನಕ."

"ನಿಜವಾ ಗಾಶೆ?"

"ಮೇರಿ ಅಮ್ಮನ ಆಣೆ. ಶೆಗಿತು, ನೀನೇ ಸಾಕ್ಷಿ."

ಶೆಗಿತು ಉಲುಲು ಎಂದು ನಾಲಗೆ ಹೊರಳಿಸಿ ಹರ್ಷದ ಕೂಗು ಹಾಕಿದಳು. ದಿಂಕೆ ಬಗ್ಗಿ ಅವನ ಮಂಡಿಗೆ ಮುತ್ತಿಟ್ಟಳು.

ಅಂದಿನಿಂದ ಎಂಟು ತಿಂಗಳು. ಕೇರಿಯಲ್ಲಿ ಹನ್ನೊಂದು ಸಾವಾಯಿತು. ಸಾವಿಗೆ ಮೂರು ಹೊರೆ. ಆ ಸೌದೆ ಮಾರಿದ್ದರೆ ಮೂರೂವರೆ ತಿಂಗಳ ಮಾತ್ರೆ ಬರುತ್ತಿತ್ತು. ದಿಂಕೆ ಮಾರಲಿಲ್ಲ. ಜೀವ ಇರುವತನಕ ಎಂದಿದ್ದಾನಲ್ಲ! ಮೂರೂವರೆ ತಿಂಗಳ ಆಸೆಗೆ ಅದನ್ನು ಯಾರು ಬಿಡುತ್ತಾರೆ? ಹಾಗಾಗಿ ಅವಳು ಮಾತ್ರೆಯನ್ನು ಮಚ್ಚಿನ ತುದಿಯಿಂದ ಅರ್ಧ ಮಾಡಿದಳು. ಉಪವಾಸದ ವಾರಗಳಲ್ಲಿ ಎಲ್ಫಿ ಮಧ್ಯಾಹ್ನ ಮೂರರತನಕ ಬಾಯಿಗೆ ನೀರೂ ಹಾಕುವುದಿಲ್ಲ ಎಂದು ಹಟ ಹಿಡಿದಾಗ, ದಿಂಕೆ ಒಳಗೊಳಗೇ ಸಮಾಧಾನಪಟ್ಟಳು. ಬೆಳಗಿನ ಅರ್ಧ ಮಾತ್ರೆ ಉಳಿಯಿತಲ್ಲ ಎಂದು. ಆ ಸಮಾಧಾನಕ್ಕಾಗಿ ಅವಳು ಆಮೇಲೆ ತನ್ನನ್ನು ತಾನೇ ಬಹಳ ಬೈದುಕೊಂಡಳು.

"ಅರ್ಧ ಮಾತ್ರೆ ಕೊಟ್ರೆ ಅರ್ಧ ವಾಸಿಯಾಗಲ್ಲಮ್ಮ. ಪೂರ್ತಿ ಕೆಡುತ್ತೆ," ಎಂದು ಆಸ್ಪತ್ರೆಯ ನರ್ಸು ಗದರಿದಳು.

"ಹೊಸ ವರ್ಷ ಬರ್ಲಿ ಸಿಸ್ಟರ್. ಪೂರ್ತಿ ಕೊಡ್ತೀನಿ."

ಹೊಸ ವರ್ಷ ಬಂತು. ಗುಡ್ಡದ ತುಂಬ ಹಳದಿ ಹೂವು. ಭಾನುವಾರ ಪೂಜೆ ಮುಗಿಸಿ ಇನ್ನೂರು ಮನೆಯವರೂ ಡೇರೆಯ ಕೆಳಗೆ ಕೂತರು. ಎಲ್ಫಿಯ ಡೇರೆಯ ಕೆಳಗೆ. ಮುಂದೆ ಗಂಡಸರು, ಹಿಂದೆ ಹೆಂಗಸರು. ದಿಂಕೆ ಬಿಳಿ ಶಾಲು ಒಗೆದು ಹೊದ್ದಿದ್ದಳು. ಹೊಸ ತಟ್ಟೆಗಳ ಮಾತಾಯಿತು. ಮುರಿದ ಬೆಂಚುಗಳ ಮಾತು ಬಹಳ ಹೊತ್ತು ಆಯಿತು. ಶವಪೆಟ್ಟಿಗೆಗೆ ಹೊದಿಸುವ ಮಖಮಲ್ಲು ಕೆಂಪಿರಬೇಕೋ ನೇರಳೆ ಇರಬೇಕೋ ಎಂದು ಇಬ್ಬರು ಜಗಳವಾಡಿದರು. ನೇರಳೆ ಗೆದ್ದಿತು.

"ಇನ್ನೇನಾದರೂ ಇದೆಯಾ?" ಎಂದ ಜೆಗೆಯೆ, ಉತ್ತರಕ್ಕೆ ಕಾಯದೆ ಪುಸ್ತಕ ಮುಚ್ಚಿದ.

ದಿಂಕೆ ಎದ್ದಳು. "ಇದೆ ಗಾಶೆ. ನನ್ನ ತಂಗಿ ಮಾತ್ರೆ ವಿಷ್ಯ."

"ಯಾವ ಮಾತ್ರೆ ಮಗಳೇ?"

ಯಾವ ಮಾತ್ರೆ! ದಿಂಕೆ ಒಂದು ಗಳಿಗೆ ಅವನ ಬಾಯನ್ನೇ ನೋಡಿದಳು. ತಮಾಷೆ ಮಾಡುತ್ತಿರಬೇಕು ಎನಿಸಿತು.

"ನೀವು ಹೇಳಿದ್ರಲ್ಲ ಗಾಶೆ. ಸೌದೆ ಹಾಕು, ಮಾತ್ರೆ ಸಂಘ ಕೊಡುತ್ತೆ, ಪುಸ್ತಕದಲ್ಲಿ ಬರೆಸ್ತೀನಿ ಅಂತ."

"ನೋಡೋಣ ಅಂದಿರ್ಬೇಕು. ಕಷ್ಟ ಹೇಳ್ಕೊಂಡೋರಿಗೆ ನೋಡೋಣ ಅಂತೀವಿ, ಇಲ್ಲ ಅಂತ ಮುಖಕ್ಕೆ ಹೊಡೆಯೋಕಾಗುತ್ತಾ? ಇದು ಸಾವಿನ ಸಂಘ. ನಮ್ಮ ಅಪ್ಪಂದಿರು ಕಟ್ಟಿದ್ದು ಸಾವಿಗೆ. ರೋಗಕ್ಕೆಲ್ಲ ಕೊಡ್ತಾ ಹೋದ್ರೆ ನಾಳೆ ನೆಗಡಿ ಅಂತ ಬರ್ತೀರ."

"ಮೇರಿ ಅಮ್ಮನ ಆಣೆ ಹಾಕಿದ್ರಿ!"

ಗಂಡಸರ ಸಾಲಿನಿಂದ ಯಾರೋ ಕೂಗಿದ. "ಅವಳು ಸತ್ರೆ ಹೇಳು, ಡೇರೆ ತರ್ತೀವಿ!"

ನಕ್ಕರು. ಒಬ್ಬಿಬ್ಬರಲ್ಲ. ಅವಳ ಸೌದೆಯಲ್ಲಿ ಬೇಯಿಸಿದ್ದನ್ನು ಹನ್ನೊಂದು ಸಲ ಉಂಡ ಬಾಯಿಗಳೆಲ್ಲ ನಕ್ಕವು. ಅವಳು ಹಿಂದಕ್ಕೆ ತಿರುಗಿ ಶೆಗಿತುವನ್ನು ಹುಡುಕಿದಳು.

"ಶೆಗಿತು, ಏಳೇ. ನೀನಿದ್ದೆ ಅವತ್ತು. ಹೇಳು ಇವ್ರಿಗೆ."

ಶೆಗಿತು ಏಳಲಿಲ್ಲ. ಅವಳ ತಾಯಿ ಮೂರು ವಾರದಿಂದ ಹಾಸಿಗೆ ಹಿಡಿದಿದ್ದಳು. ಇವತ್ತೋ ನಾಳೆಯೋ ಡೇರೆ ಬೇಕು, ಪೆಟ್ಟಿಗೆ ಬೇಕು, ನೇರಳೆ ಮಖಮಲ್ಲು ಬೇಕು. ಜೆಗೆಯೆ ಕೋಲಿನ ಬೆಳ್ಳಿ ಹಿಡಿಯನ್ನು ಉಜ್ಜುತ್ತ ಅವಳನ್ನೇ ನೋಡುತ್ತಿದ್ದ.

"ನಂಗೆ ಸರಿಯಾಗಿ ನೆನಪಿಲ್ಲ," ಎಂದಳು ಶೆಗಿತು. ಶಾಲನ್ನು ಬಾಯಿಗೆ ಒತ್ತಿಕೊಂಡಳು.

ಹದಿನೆಂಟು ವರ್ಷ ಒಂದೇ ಗುಡ್ಡ. ಒಬ್ಬಳು ಜಾರಿದರೆ ಇನ್ನೊಬ್ಬಳು ಹಗ್ಗ ಹಿಡಿದವಳು. ಜೆಗೆಯೆ ಸುಳ್ಳು ಹೇಳಿದಾಗ ದಿಂಕೆಗೆ ಸಿಟ್ಟು ಬಂದಿತ್ತು. ಈಗ ಸಿಟ್ಟೂ ಬರಲಿಲ್ಲ. ಕೂತಳು. ಸಭೆ ಮುಗಿಯಿತು ಎಂದರು. ಬ್ರೆಡ್ಡು ಹಂಚಿದರು. ಅವಳ ಕೈಗೂ ಒಂದು ತುಂಡು ಬಂತು.

ಕೊನೆಯ ಅರ್ಧ ಮಾತ್ರೆಯೂ ಮುಗಿಯಿತು, ಹೊಸ ಪಟ್ಟಿಗೆ ಕಾಸಿರಲಿಲ್ಲ. ಆರನೆಯ ದಿನ ಎಲ್ಫಿ ಕದಿರು ಕೆಳಗಿಟ್ಟಳು. ಎಂಟನೆಯ ದಿನ ನಿದ್ದೆ ಬಿಟ್ಟಳು. ಹತ್ತನೆಯ ದಿನ ದಿಂಕೆ ಸೌದೆ ಮಾರಿ ಬಂದಾಗ ಮನೆಯ ನೆಲವೆಲ್ಲ ಕೆಸರು. ಎಲ್ಫಿ ಮಂಡಿಯೂರಿ ಉಜ್ಜುತ್ತಿದ್ದಳು.

"ಎದ್ದೇಳೇ. ನಮ್ಮ ಮನೆ ಇದು. ಅಕ್ಕ ನಾನು."

"ಆಯ್ತು ಮೇಡಂ. ಈ ಮೂಲೆ ಒಂದು ಮುಗಿಸ್ತೀನಿ."

ಮರುದಿನ ಜೆಗೆಯೆ ಬಾಗಿಲಿಗೆ ಬಂದ. ಜೊತೆಗೆ ಇಬ್ಬರು ಗಟ್ಟಿ ಆಳುಗಳು. ಒಬ್ಬನ ಹೆಗಲ ಮೇಲೆ ಚೀಲ. ಚೀಲ ಕೆಳಗಿಟ್ಟಾಗ ಝಲ್ ಎಂದಿತು. ಎಲ್ಫಿಗೆ ಆ ಸದ್ದು ಗೊತ್ತು. ಮೂಲೆಗೆ ಸರಿದು ಕಣಕಾಲುಗಳನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು.

"ಮಗಳೇ, ನನಗೇನು ಕರುಳಿಲ್ವಾ? ತೀರ್ಥಕ್ಕೆ ಕರ್ಕೊಂಡು ಹೋಗ್ತೀವಿ. ಬಸ್ಸಿಂದು, ಅಲ್ಲಿ ಊಟದ್ದು, ಸರಪಳಿದು, ಎಲ್ಲ ನನ್ನ ಕೈಯಿಂದ. ನೀನೊಂದು ಕಾಸು ಕೊಡ್ಬೇಡ," ಎಂದ.

"ಸರಪಳಿಗೆ ದುಡ್ಡಿದೆಯಾ ಗಾಶೆ?"

"ಪುಣ್ಯದ ಕೆಲಸ."

"ಅದೇ ದುಡ್ಡಿಗೆ ಎರಡು ತಿಂಗಳ ಮಾತ್ರೆ ಬರುತ್ತೆ."

"ಮಾತ್ರೆ ದೇವರಿಗಿಂತ ದೊಡ್ಡದಾ? ಬೆಳಗ್ಗೆ ಬರ್ತೀವಿ. ಸ್ನಾನ ಮಾಡ್ಸಿ ರೆಡಿ ಮಾಡು. ನೀನು ಒಪ್ಪದಿದ್ರೆ ಕೇರಿ ಒಪ್ಪುತ್ತೆ."

ಅವರು ಹೋದರು. ಚೀಲವನ್ನು ಅಲ್ಲೇ ಬಾಗಿಲ ಬಳಿ ಬಿಟ್ಟುಹೋದರು. ಮತ್ತೆ ಹೊತ್ತುಕೊಂಡು ಬರುವುದು ಯಾಕೆ ಎಂದಿರಬೇಕು.

ಬೆಳಕು ಹರಿಯುವ ಹೊತ್ತಿಗೆ ದಿಂಕೆ ಬಾಲ್ಚಾ ಅಜ್ಜನ ಗುಡಿಸಲಿನಲ್ಲಿದ್ದಳು. ವಾರಕ್ಕೊಮ್ಮೆ ಅವನ ಒಲೆಗೆ ಪುರಳೆ ಹಾಕುವವಳು ಅವಳೇ. ಅಜ್ಜ ಕಣ್ಣುಜ್ಜುತ್ತ ಎದ್ದ.

"ಯಾರ ಮನೆಲಿ ಮಗಾ?"

"ನಮ್ಮನೆಲಿ. ತುತ್ತೂರಿ ಊದು ಅಜ್ಜಾ. ಎಲ್ಫಿನೆಶ್ ಮನೆಗೆ ಬನ್ನಿ ಅನ್ನು."

ಅಜ್ಜನ ಕಣ್ಣು ತುಂಬಿತು. "ಅಯ್ಯೋ ಕೂಸೇ! ಯಾವಾಗ?"

"ಸತ್ತಿಲ್ಲ. ಒಳಗೆ ನೆಲ ಉಜ್ಜುತಾ ಕೂತಿದ್ದಾಳೆ."

ಬಾಲ್ಚಾ ತುತ್ತೂರಿಯನ್ನು ಎದೆಗವಚಿಕೊಂಡ. "ಆಗಲ್ಲಮ್ಮ. ನಲವತ್ತು ವರ್ಷ ಆಯ್ತು, ಒಂದು ದಿನ ಸುಳ್ಳು ಊದಿಲ್ಲ."

"ಏನು ಸುಳ್ಳು? ಸತ್ಲು ಅಂತ ನೀನು ಯಾವತ್ತು ಹೇಳ್ತೀಯ? ಮನೆಗೆ ಬನ್ನಿ ಅಂತ ತಾನೆ? ಅವಳ ಮನೆಗೆ ಜನ ಬರ್ಬೇಕು. ಇವತ್ತು ಬರ್ಬೇಕು. ಮಣ್ಣು ಮಾಡೋಕೆ ಬರೋ ಕಾಲು ಈಗ ಬರ್ಲಿ."

"ನನ್ನ ಕೆಲಸ ಹೋಗುತ್ತೆ ಕಣಮ್ಮ."

"ಹಾಗಾದ್ರೆ ಕೊಡಿಲ್ಲಿ. ನಾನು ಕಿತ್ಕೊಂಡೆ ಅಂತ ಹೇಳು."

ಹೆಂಗಸು ತುತ್ತೂರಿ ಮುಟ್ಟಿದ್ದು ಆ ಕೇರಿಯಲ್ಲಿ ಯಾರೂ ಕಂಡಿಲ್ಲ. ಅವಳು ಕಿತ್ತುಕೊಂಡಳು. ಊದಿದಳು. ಬರೀ ಗಾಳಿ ಬಂತು. ಮತ್ತೆ ಊದಿದಳು, ಕತ್ತೆಯ ಕೆಮ್ಮಿನಂಥ ಸದ್ದು. ಅಜ್ಜ ಒಂದು ಗಳಿಗೆ ತಡೆದುಕೊಂಡ, ಆಮೇಲೆ ಆಗಲಿಲ್ಲ.

"ತುಟಿ ಬಿಗಿ ಹಿಡಿಯೇ. ಕೆನ್ನೆ ಉಬ್ಬಿಸ್ಬೇಡ. ಹೊಟ್ಟೆಯಿಂದ ಬರ್ಲಿ ಉಸಿರು."

ಹೊಟ್ಟೆಯಿಂದ ಬಂತು. ಹೊರೆ ಹೊತ್ತು ಗುಡ್ಡ ಹತ್ತಿಳಿದ ಉಸಿರು ಅದು. ಓಣಿಯ ನಾಯಿಗಳೆಲ್ಲ ಎದ್ದವು. ದಿಂಕೆ ಒಂದೊಂದು ತಿರುವಿನಲ್ಲೂ ನಿಂತು ಊದಿದಳು, ಕೂಗಿದಳು. "ಎಲ್ಫಿನೆಶ್ ಮನೆಗೆ ಬನ್ನಿ! ಡೇರೆ ಕೊಟ್ಟೋಳ ಮನೆಗೆ ಬನ್ನಿ!"

ಬಂದರು. ಎಷ್ಟು ಬೇಗ ಬಂದರು! ಮಾತ್ರೆಗೆಂದು ಎಂಟು ತಿಂಗಳು ಕಾಯಿಸಿದವರು ಅರ್ಧ ಗಂಟೆಯಲ್ಲಿ ಬಂದರು. ಸೂತಕಕ್ಕೆಂದು ಶಾಲಿನ ಅಂಚನ್ನು ಮೇಲೆ ಮಾಡಿ ಹೊದ್ದ ಹೆಂಗಸರು, ತಲೆ ತಗ್ಗಿಸಿದ ಗಂಡಸರು. ಹತ್ತು ಜನ ಡೇರೆ ಹೊತ್ತು ತಂದು ಅಂಗಳದಲ್ಲಿ ಗೂಟ ಬಡಿದರು. ಬೆಂಚು ಇಳಿಯಿತು, ಪಾತ್ರೆ ಇಳಿಯಿತು. ನೀಲಿ ಅಕ್ಷರಗಳು ಬಾಗಿಲಿಗೆ ಎದುರಾಗಿ ನಿಂತವು. ಅಳುವ ಹಾಡು ಕಟ್ಟುವ ಹೆಂಗಸು ಎದೆ ಬಡಿದುಕೊಂಡು ಎತ್ತಿದಳು. "ಪರದೇಶದಲ್ಲಿ ಬೆವರು ಸುರಿಸಿ ನಮ್ಮ ಹೆಣಕ್ಕೆ ನೆರಳು ಕೊಟ್ಟವಳೇ, ನಿನ್ನ ಋಣ ಹೇಗೆ ತೀರಿಸಲೇ!" ಇನ್ನೂರು ಕಂಠ ಅದನ್ನು ಹಿಡಿದುಕೊಂಡಿತು. ಜೆಗೆಯೆ ಮುಂದಿನ ಬೆಂಚಿನಲ್ಲಿ ಕೂತು ಗೊಳೋ ಎಂದು ಅತ್ತ. ನಿಜವಾದ ಕಣ್ಣೀರು. ಅವನ ಕೋಟಿನ ಮೇಲೆಲ್ಲ ಇಳಿಯಿತು. "ನನ್ನ ಮಗಳು," ಎಂದ, "ನನ್ನ ಸ್ವಂತ ಮಗಳ ಹಾಗಿದ್ದಳು."

ದಿಂಕೆ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ಪೂರ್ತಿ ಕೇಳಿದಳು. ಅಳು ಸಾಕಾಗುವತನಕ ಅಳಲಿ ಎಂದು ಬಿಟ್ಟಳು.

ಅಷ್ಟರಲ್ಲಿ ಅವಳ ಹಿಂದಿನಿಂದ ಎಲ್ಫಿ ಹೊರಬಂದಳು. ಕೈಯಲ್ಲಿ ಒದ್ದೆ ಬಟ್ಟೆ, ಮಂಡಿಯವರೆಗೆ ಕೆಸರು. ಮೊದಲು ಕಂಡವಳು ಕಿಟಾರನೆ ಕಿರುಚಿದಳು. ಹಾಡು ಅರ್ಧಕ್ಕೆ ನಿಂತಿತು.

"ಅಕ್ಕಾ, ಯಾರು ಸತ್ರು?"

"ಯಾರೂ ಇಲ್ಲ ಕಣೇ."

"ಮತ್ತೆ ಇವ್ರೆಲ್ಲ ನನ್ನ ಹೆಸರು ಹಿಡ್ಕೊಂಡು ಯಾಕೆ ಅಳ್ತಿದ್ದಾರೆ?"

ಜೆಗೆಯೆಯ ಕೆನ್ನೆ ಇನ್ನೂ ಒದ್ದೆ ಇತ್ತು. ಒರೆಸಿಕೊಳ್ಳುವುದಕ್ಕೂ ನಾಚಿಕೆ, ಬಿಡುವುದಕ್ಕೂ ನಾಚಿಕೆ.

"ನೋಡ್ಕೊಳ್ಳಿ," ಎಂದಳು ದಿಂಕೆ. "ಇವಳೇ ಎಲ್ಫಿನೆಶ್. ಈಗಷ್ಟೇ ನೀವು ಅತ್ತದ್ದು ಇವಳಿಗೆ. ಪೆಟ್ಟಿಗೆಗೆ ಅಂತ ದುಡ್ಡು ತಂದಿದ್ದೀರಲ್ಲ, ಅದನ್ನ ಇವಳ ಕೈಗೆ ಕೊಡಿ. ಮಾತ್ರೆ ತಗೊಂಡು ಬದುಕ್ತಾಳೆ. ಸತ್ತ ಮೇಲೆ ನಿಮ್ಮ ನೇರಳೆ ಮಖಮಲ್ಲು ಅವಳಿಗೆ ಬೇಡ, ನಾನು ಬರ್ಕೊಡ್ತೀನಿ."

ಜೆಗೆಯೆ ಎದ್ದ. "ಸಾವನ್ನ ಆಟ ಮಾಡ್ದೆ! ಇವತ್ತಿಂದ ನಿಮ್ಮಿಬ್ಬರ ಹೆಸರೂ ಪುಸ್ತಕದಲ್ಲಿಲ್ಲ. ನೀನು ಸತ್ರೆ ಒಂದು ನರಪಿಳ್ಳೆ ಬರಲ್ಲ. ನಿನ್ನ ಹೆಣ ಕತ್ತೆಕಿರುಬ ತಿನ್ನುತ್ತೆ."

ಆ ಕೇರಿಯಲ್ಲಿ ಇದಕ್ಕಿಂತ ದೊಡ್ಡ ಶಾಪವಿಲ್ಲ. ಹೆಂಗಸರು ಶಿಲುಬೆ ಗುರುತು ಹಾಕಿಕೊಂಡರು. ದಿಂಕೆ ಮೊಟ್ಟಮೊದಲ ಸಲ ಅವನನ್ನು ಏಕವಚನದಲ್ಲಿ ಮಾತಾಡಿಸಿದಳು.

"ತಿನ್ನಲಿ ಬಿಡು. ಅದು ಸತ್ತ ಮೇಲೆ ತಿನ್ನುತ್ತೆ. ನೀನು ಬದುಕಿರೋವಾಗಲೇ ತಿಂದೆ."

"ಬಿಚ್ರೋ ಡೇರೆ!" ಎಂದ ಅವನು.

ಗೂಟ ಕಿತ್ತರು. ಕ್ಯಾನ್ವಾಸು ಧೊಪ್ಪೆಂದು ಅಂಗಳದಲ್ಲಿ ಬಿತ್ತು. ಎಲ್ಫಿ ಓಡಿ ಬಂದು ಅದರ ಒಂದು ಅಂಚು ಹಿಡಿದು ನೀಟಾಗಿ ಮಡಚತೊಡಗಿದಳು. "ನಾನು ಮಾಡ್ತೀನಿ ಸರ್, ನೀವು ಬಿಡಿ. ನಾನು ಮಾಡ್ತೀನಿ." ತನ್ನ ಹೆಸರಿನ ಮೇಲಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ದಿಂಕೆಗೆ ಅಲ್ಲಿಯತನಕ ಅಳು ಬಂದಿರಲಿಲ್ಲ. ಈಗ ಬಂತು. ಅಳುತ್ತಲೇ ಹೋಗಿ ತಂಗಿಯ ಕೈಯಿಂದ ಬಟ್ಟೆ ತೆಗೆದು ಎಸೆದಳು.

"ಮಡಚ್ಬೇಡ. ಯಾರದೂ ಅಲ್ಲ ಇದು, ನಿಂದು. ಓದು, ಏನು ಬರೆದಿದೆ?"

ಎಲ್ಫಿ ಬೆರಳಿಟ್ಟು ನಿಧಾನಕ್ಕೆ ಓದಿದಳು. ತನ್ನ ಹೆಸರು ಬಂದಾಗ ನಿಂತಳು.

ದಿಂಕೆ ಒಳಗಿನಿಂದ ಮಚ್ಚು ತಂದಳು. ಬಾಗಿಲ ಬಳಿಯ ಚೀಲವನ್ನೂ ಎಳೆದು ತಂದು ಜೆಗೆಯೆಯ ಕಾಲ ಬಳಿ ಸುರಿದಳು. ಸರಪಳಿ ಇನ್ನೂರು ಜನರ ಮುಂದೆ ನೆಲಕ್ಕೆ ಬಿತ್ತು. ಆಮೇಲೆ ಹೋಗಿ ನೀಲಿ ಅಕ್ಷರಗಳ ಪಕ್ಕ, ಡೇರೆಯ ಮೇಲೆ, ಚಕ್ಕಳಮಕ್ಕಳ ಹಾಕಿ ಕೂತಳು. ತಂಗಿಯನ್ನು ಪಕ್ಕ ಕೂರಿಸಿಕೊಂಡಳು. ಮಚ್ಚು ತೊಡೆಯ ಮೇಲಿತ್ತು.

"ಇವಳ ಮಾತ್ರೆ ಬರೋತನಕ ಇದು ಇಲ್ಲಿಂದ ಏಳಲ್ಲ. ಎತ್ತೋರು ಎತ್ತಿ ನೋಡೋಣ."

ಯಾರೂ ಎತ್ತಲಿಲ್ಲ. ಜನರ ನಡುವಿನಿಂದ ಶೆಗಿತು ಮುಂದೆ ಬಂದಳು. ಮುಖ ಬಾತಿತ್ತು.

"ಅವ್ರು ಆಣೆ ಹಾಕಿದ್ರು," ಎಂದಳು. "ನನ್ನನ್ನೇ ಸಾಕ್ಷಿ ಅಂದ್ರು. ನಾನು ಕೇಳಿದ್ದೀನಿ." ಆಮೇಲೆ ಸಣ್ಣ ದನಿಯಲ್ಲಿ, "ದಿಂಕೆ, ಅಮ್ಮಂದು ಇವತ್ತೋ ನಾಳೆನೋ ಕಣೇ..."

ದಿಂಕೆ ಅವಳ ಮುಖ ನೋಡಲಿಲ್ಲ. ಜಾಗವನ್ನೂ ಬಿಡಲಿಲ್ಲ. "ಸಭೆ ದಿನ ಬೇಕಿತ್ತು ಆ ಮಾತು," ಎಂದಳಷ್ಟೆ.

ಶೆಗಿತು ಅಂಗಳದ ಮಣ್ಣಲ್ಲೇ ಕೂತುಬಿಟ್ಟಳು. ಒಬ್ಬೊಬ್ಬರಾಗಿ ಜನ ಜೆಗೆಯೆಯ ಕಡೆ ತಿರುಗಿದರು. ಅವನು ಕೋಲನ್ನು ಆ ಕೈಯಿಂದ ಈ ಕೈಗೆ ಬದಲಿಸಿದ. ಕೊನೆಗೆ ಯಜಮಾನಿಕೆಯ ದನಿ ಬಿಟ್ಟು, ಅಂಗಡಿಯಲ್ಲಿ ಗಿರಾಕಿಯ ಹತ್ತಿರ ಆಡುವ ದನಿಯಲ್ಲಿ ಕೇಳಿದ.

"ಹಟ ಮಾಡ್ಬೇಡ ಮಗಳೇ. ನಾಳೆ ಕೇರಿಲಿ ಒಂದು ಸಾವಾದ್ರೆ ಏನು ಮಾಡೋದು? ಡೇರೆ ಕೊಡಲ್ವಾ?"

"ಇಲ್ಲ," ಎಂದಳು ದಿಂಕೆ. "ಹೊರಗಡೆ ತಗೋ."